ಹೆಣ್ಣಾದರೆ ನಿಮ್ಮದು

ಬಳೆ ಇಡಿಸುವ ಸುಗ್ರಾಬಿ ಇನ್ನೂ ಬಂದಿಲ್ಲವೆಂದು ಅತ್ತೆ ಗದಿಗೆವ್ವ ನಡುಮನೆಯಿಂದ ಎರಡನೆಯ ಸಲ ಹೇಳಿದಾಗ, ಹೋಗಿ ಕರೆತರಬೇಕಾದವನು ತಾನೇ ಎಂದು ಉಳವಪ್ಪನಿಗೆ ಹೊಳೆಯಿತು. ಯಾರೂ ಅವನ ಹೆಸರು ಹಿಡಿದು ಕರೆದಿರಲಿಲ್ಲ. ಈ ಮನೆಯಲ್ಲಿ ಯಾರ ಹೆಸರೂ ಇಲ್ಲದೆ ಗಾಳಿಗೆ ಬಿಟ್ಟ ಮಾತುಗಳೆಲ್ಲ ಸುತ್ತಾಡಿ ಕೊನೆಗೆ ಅವನ ಬಳಿಗೇ ಬಂದು ನಿಲ್ಲುತ್ತಿದ್ದವು. ಅವನು ಚಪ್ಪಲಿ ಮೆಟ್ಟಿಕೊಂಡು ಕಟ್ಟೆಯಿಂದ ಇಳಿದ. ಓಣಿಯ ಆಚೆ ಬದಿಯಲ್ಲಿ ಇಬ್ಬರು ಆಳುಗಳು ಗಳ ನೆಟ್ಟು ಹಗ್ಗ ಬಿಗಿಯುತ್ತಿದ್ದರು. ಮುಂದಿನ ವಾರ ರಾಜ್ಯ ಒಂದಾಗುವ ದಿನಕ್ಕೆ ಊರತುಂಬ ತೋರಣ ಕಟ್ಟಬೇಕೆಂದು ಹಿರಿಯರು ಗೊತ್ತುಮಾಡಿದ್ದರು, ಆ ಹಿರಿಯರಲ್ಲಿ ಮಾವ ಅಂದಪ್ಪನವರೂ ಒಬ್ಬರು. ಆಳುಗಳಲ್ಲೊಬ್ಬ ಅವನನ್ನು ಕಂಡು ನಕ್ಕ. ಇವತ್ತು ಅವನ ಹೆಂಡತಿ ನೀಲಗಂಗವ್ವನ ಕುಬಸ, ಬಸುರಿಗೆ ಹಸಿರು ಉಡಿಸಿ ಹಸಿರು ಬಳೆ ಇಡಿಸಿ ಊರಿಗೆ ಊಟ ಹಾಕುವ ದಿನ, ಆದ್ದರಿಂದ ಎಲ್ಲರೂ ಅವನನ್ನು ಕಂಡು ನಗಬೇಕಾದದ್ದೇ. ತಿರುಗಿ ನಗಬೇಕೆಂದು ಅವನಿಗೆ ನೆನಪಾಗುವಷ್ಟರಲ್ಲಿ ಓಣಿಯ ತಿರುವು ಬಂದಿತ್ತು.

ಎಂಟು ದಿನದ ಹಿಂದೆ ಅಂದಪ್ಪನವರು ಅವನನ್ನು ಅಂಗಡಿಯ ಒಳಕೋಣೆಗೆ ಕರೆದು “ಕುಂಡ್ರ್ರಿ” ಎಂದಿದ್ದರು. ಆ ‘ರಿ’ ಕೇಳಿಯೇ ಅವನಿಗೆ ದಿಗಿಲಾಗಿತ್ತು. ನಾಲ್ಕು ವರ್ಷದ ಹಿಂದೆ, ಹೊಳೆದಂಡೆಯ ಕೊರ್ಲಹಳ್ಳಿಯಿಂದ ಮುಂಡರಗಿಯ ಈ ಮನೆಗೆ ಮನೆಯಳಿಯನಾಗಿ ಬಂದ ಹೊಸದರಲ್ಲಿ ಅವರ ಬಾಯಿತುಂಬ “ಬರ್ರಿ ಅಳಿಯಾರ, ತಗೋರ್ರಿ ಅಳಿಯಾರ” ಇರುತ್ತಿತ್ತು. ಮೊದಲನೆಯ ಸುಗ್ಗಿಯ ಹೊತ್ತಿಗೆ ಅಳಿಯಾರ ಹೋಗಿ ಉಳವಪ್ಪ ಆಗಿತ್ತು, ಮತ್ತೊಂದು ಮಳೆಗಾಲ ಕಳೆಯುವುದರೊಳಗೆ ‘ರಿ’ ಕೂಡ ಉದುರಿತ್ತು. ಯಾವತ್ತು ಉದುರಿತೆಂದು ಅವನು ಎಷ್ಟೋ ಸಲ ಯೋಚಿಸಿದ್ದ. ಅಂಥ ಒಂದು ದಿನ ಇರಲೇ ಇಲ್ಲವೇನೋ. ಮಂದಿ ಬಂದಾಗ ಮಾತ್ರ, ಬೀಗರಿಗೆ ಹಾಸುವ ಜಮಖಾನೆಯ ಹಾಗೆ, ಅದು ಒಳಗಿನಿಂದ ಹೊರಗೆ ಬರುತ್ತಿತ್ತು. ಅವತ್ತು ಒಳಕೋಣೆಯಲ್ಲಿ ಮಂದಿ ಯಾರೂ ಇರಲಿಲ್ಲ. ಶೇಂಗಾದ ಚೀಲಗಳಿದ್ದವು, ಹಸಿ ಶೇಂಗಾದ ವಾಸನೆಯಿತ್ತು. ಅಂದಪ್ಪನವರು ಎಂದೂ ದನಿ ಎತ್ತಿ ಮಾತಾಡಿದವರಲ್ಲ.

“ನನಗ ಗಂಡಸಮಕ್ಕಳಿಲ್ಲ. ಎರಡು ಹುಟ್ಟಿದ್ವು, ಎರಡೂ ಉಳಿಲಿಲ್ಲ. ನಿಮಗ ಗೊತ್ತಿದ್ದದ್ದ. ನೀಲಾಗ ಗಂಡು ಆತು ಅಂದ್ರ ಆ ಕೂಸನ್ನ ನಾ ದತ್ತಕ ತಗೋತೇನಿ. ಕುಬಸದ ದಿನಾ ನಾಕ ಮಂದಿ ಹಿರೇರು ಕೂಡಿರ್ತಾರ, ಅವರ ಮುಂದ ಮಾತಾಗ್ಲಿ. ಶಾಸ್ತ್ರ, ಕಾಗದಾ ಎಲ್ಲಾ ಹುಟ್ಟಿದ ಮ್ಯಾಲ. ಹೆಣ್ಣಾದ್ರ ನಿಮ್ದು, ಗಂಡಾದ್ರ ನಮ್ದು. ನೀಲಾನ್ನೂ ಕೇಳೇನಿ. ಆಕಿ ಒಪ್ಪ್ಯಾಳ.”

ಉಳವಪ್ಪ ಒಂದು ಶೇಂಗಾಕಾಯಿಯ ಸಿಪ್ಪೆಯನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದ. ಆ ಗಳಿಗೆಯಲ್ಲಿ ಅವನ ತಲೆಯಲ್ಲಿ ಓಡಿದ್ದು ನೋವಲ್ಲ, ಸಿಟ್ಟಲ್ಲ, ಒಂದು ನಂಟಸ್ತಿಕೆಯ ಲೆಕ್ಕ. ಮಾವನ ದತ್ತಕ ಮಗ ಎಂದರೆ ಹೆಂಡತಿಗೆ ತಮ್ಮ. ಹೆಂಡತಿಯ ತಮ್ಮ ಎಂದರೆ ತನಗೆ ಭಾವಮೈದುನ. ಆ ಕೂಸಿಗೆ ಮಾತು ಬಂದ ಮೇಲೆ ಅದು ತನ್ನನ್ನು ಮಾಮಾ ಎಂದು ಕರೆಯಬೇಕು. ಇದರಲ್ಲಿ ಎಲ್ಲಿ ತಪ್ಪಿದೆಯೆಂದು ಅವನು ಹುಡುಕುತ್ತಿರುವಾಗಲೇ ಅಂದಪ್ಪನವರು “ಆತು” ಎಂದು ಎದ್ದರು. ಅವನ ಭುಜವನ್ನು ಮೆಲ್ಲಗೆ ತಟ್ಟಿದರು. ಅವನು ಹೂಂ ಎಂದಿರಲಿಲ್ಲ. ಊಹೂಂ ಎಂದೂ ಅಂದಿರಲಿಲ್ಲ.

ಸುಗ್ರಾಬಿ ಬಾಗಿಲಲ್ಲೇ ಕೂತು ಬಳೆಯ ಮಲಾರವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಈ ಊರಿನ ಹೆಂಗಸರ ಮುಂಗೈಗಳನ್ನೆಲ್ಲ ನಲವತ್ತು ವರ್ಷ ಹಿಡಿದು ಬಲ್ಲ ಮುದುಕಿ. “ಬಂದೆ ಬಂದೆ, ಕಾಲು ಹಿಡ್ಕೊಂಡಾವರಿ, ಅದಕ್ಕ ತಡಾ ಆತು” ಎಂದಳು. ಮಲಾರವನ್ನು ತಾನು ಹೊರುತ್ತೇನೆಂದು ಅವನು ಕೈ ಚಾಚಿದರೆ ಕೊಡಲಿಲ್ಲ. ದಾರಿಯಲ್ಲಿ ಹೆಜ್ಜೆಗೊಮ್ಮೆ ನಿಲ್ಲುತ್ತ ಕೇಳಿದಳು: “ಎಷ್ಟರಾಗ ಅದಾಳ್ರಿ ನೀಲಗಂಗವ್ವ? ಏಳು ತುಂಬ್ತೋ, ಏಳರಾಗ ಬಿತ್ತೋ?”

“ಏಳು... ಏಳರಾಗ ಇರಬೇಕು” ಎಂದ ಉಳವಪ್ಪ.

“ಇರಬೇಕು!” ಮುದುಕಿ ನಿಂತುಬಿಟ್ಟಳು. ಹಲ್ಲಿಲ್ಲದ ಬಾಯಿತುಂಬ ನಕ್ಕಳು. “ಊರಿಗೆಲ್ಲಾ ಗೊತ್ತೈತಿ, ಅಪ್ಪ ಆಗೋರಿಗೆ ಗೊತ್ತಿಲ್ಲಂತ. ಗಂಡಸರ ಹಣೇಬರನ ಇಷ್ಟ ತಗೋರಿ.”

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಆದರೂ ಅವನ ಕಿವಿ ಬಿಸಿಯಾದವು. ಕೂಸಿನ ಸುದ್ದಿಯೆಲ್ಲ ಅವನಿಗೆ ಮೂರನೆಯವರಿಂದ ಬರುತ್ತಿತ್ತು. ಮಿಡುಕಾಡುತ್ತಿದೆ ಎಂದು ಅತ್ತೆ ನೆರೆಮನೆಯವಳಿಗೆ ಹೇಳುವಾಗ ಕೇಳಿದ್ದ. ಬಲಗಡೆಗೇ ಹೆಚ್ಚು ಒದೆಯುತ್ತದಂತೆ, ಆದ್ದರಿಂದ ಗಂಡೇ ಸೈ ಎಂಬುದನ್ನು ಅಂಗಡಿಯ ಹಮಾಲಿಯೊಬ್ಬನ ಬಾಯಲ್ಲಿ ಕೇಳಿದ್ದ. ಹಮಾಲಿಗೆ ಅದನ್ನು ಹೇಳಿದ್ದು ಹಮಾಲಿಯ ಹೆಂಡತಿ. ಐದು ತುಂಬಿದ ಮೇಲೆ ಬಸುರಿ ತಾಯಿಯ ಬಳಿ ಮಲಗಲಿ ಎಂದು ಅತ್ತೆ ಅವನ ಹಾಸಿಗೆಯನ್ನು ಪಡಸಾಲೆಗೆ ಹಾಕಿಸಿದ್ದಳು. ಅದರಲ್ಲಿ ತಪ್ಪೇನೂ ಇರಲಿಲ್ಲ, ಎಲ್ಲ ಮನೆಗಳಲ್ಲೂ ಹಾಗೇ. ಆದರೆ ಬೇರೆಯವರ ಹೆಂಡಂದಿರು ತವರಿಗೆ ಹೋಗುತ್ತಾರೆ. ಗಂಡ ಅಲ್ಲಿಗೆ ಬೀಗನಾಗಿ, ಪೇಟ ಸುತ್ತಿಕೊಂಡು, ಉಂಡಿ ಗಂಟು ಹಿಡಿದುಕೊಂಡು ನೋಡಲು ಹೋಗುತ್ತಾನೆ. ಅವನಿಗೆ ಹೋಗಲು ದಾರಿಯೇ ಇರಲಿಲ್ಲ. ಅವಳು ಇದ್ದಲ್ಲೇ ತವರಿನಲ್ಲಿದ್ದಳು. ಒಂದೇ ಸೂರಿನ ಕೆಳಗೆ, ಹದಿನೈದು ಹೆಜ್ಜೆಯಾಚೆ.

ಕೂಸಿನ ಮುಖ ಹೇಗಿರಬಹುದೆಂದು ಕಲ್ಪಿಸಿಕೊಳ್ಳಲು ಅವನು ಯತ್ನಿಸಿದ್ದುಂಟು. ಹೊಲದ ಬದುವಿನ ಮೇಲೆ ಕೂತು, ಹಿಂಗಾರಿ ಜೋಳದ ಬಿತ್ತನೆ ನಡೆಯುವುದನ್ನು ನೋಡುತ್ತ, ಈಗ ಅದಕ್ಕೆ ಕಣ್ಣು ಮೂಡಿರಬೇಕು, ಈಗ ಉಗುರು, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಏನೂ ಆಗುತ್ತಿರಲಿಲ್ಲ. ಎದೆಯಲ್ಲಿ ಏನೋ ಆಗಬೇಕೆಂದು ಕಾದು ಕಾದು ಕೊನೆಗೆ ಕಣ್ಣ ಮುಂದೆ ಬರುತ್ತಿದ್ದುದು ಬಿಳಿ ಟೋಪಿ ಹಾಕಿಕೊಂಡ ಒಂದು ಪುಟ್ಟ ಅಂದಪ್ಪ. ಆ ಟೋಪಿಯನ್ನು ತೆಗೆಯಲು ಹೋದರೆ ಮುಖವೂ ಹೋಗುತ್ತಿತ್ತು. ಹೀಗೆ ಕಲ್ಲಾಗಿರುವ ಮನುಷ್ಯನೂ ಉಂಟೇ ಎಂದು ಹೆದರಿ ಅವನು ಎದ್ದು ಎತ್ತುಗಳ ಹಿಂದೆ ಸುಮ್ಮನೆ ನಡೆಯುತ್ತಿದ್ದ. ಎಂಟು ದಿನದಿಂದೀಚೆಗೆ ಮಾತ್ರ ಕೂಸಿನ ಬಗ್ಗೆ ಅವನಿಗೊಂದು ಆಸೆ ಹುಟ್ಟಿತ್ತು: ಹೆಣ್ಣಾಗಲಿ. ಮನೆಯವರೆಲ್ಲ ಗಂಡಿಗಾಗಿ ಹರಕೆ ಹೊತ್ತಿರುವಾಗ ತಾನೊಬ್ಬ ಒಳಗೊಳಗೇ, ಕಳ್ಳನ ಹಾಗೆ, ಬೇರೊಂದನ್ನು ಬೇಡುತ್ತಿದ್ದ. ಅದು ಪ್ರೀತಿಯೋ, ಮಾವನನ್ನು ಒಮ್ಮೆಯಾದರೂ ಸೋಲಿಸುವ ಹಟವೋ ಅವನಿಗೆ ತಿಳಿಯದು. ಅಷ್ಟು ಚಿಕ್ಕ ಜೀವದ ಮೇಲೆ, ಅದು ಉಸಿರಾಡುವುದಕ್ಕೂ ಮೊದಲೇ, ತನ್ನ ಹೇಡಿತನದ ಭಾರವನ್ನು ಹೊರಿಸುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು. ತಾನು ಹೇಳಲಾರದ ಮಾತನ್ನು ಅದು ಹೆಣ್ಣಾಗಿ ಹುಟ್ಟಿ ಹೇಳಬೇಕು.

ಸುಗ್ರಾಬಿಯ ಕಾಲಿನ ಜೊತೆ ಅವನೂ ನಿಂತು ನಿಂತು ನಡೆಯುತ್ತಿದ್ದ. ಹಾಗೆ ನಿಂತಾಗೊಮ್ಮೆ ಕೊರ್ಲಹಳ್ಳಿಯ ದಾರಿಯ ಚಕ್ಕಡಿ ನಿಂತದ್ದು ನೆನಪಾಯಿತು. ಬೇಸಗೆಯ ಕೊನೆ. ತನ್ನ ತಾಯಿಯನ್ನು ಕಂಡು ಇಬ್ಬರೂ ಹಿಂತಿರುಗುತ್ತಿದ್ದರು, ಚಕ್ಕಡಿಯಲ್ಲಿ ಮೂರನೆಯವರಿರಲಿಲ್ಲ. ಎತ್ತಿಗೆ ನೀರು ಕುಡಿಸಲೆಂದು ಹಳ್ಳದ ಬಳಿ ಅವನು ನಿಲ್ಲಿಸಿದಾಗ ನೀಲಗಂಗವ್ವ ಹಿಂದಿನಿಂದ, ಬೇರೆಲ್ಲೋ ನೋಡುತ್ತ, “ಎರಡು ತಿಂಗಳಾತ್ರಿ, ನಾ ಹೊರಗ ಆಗಿಲ್ಲ. ಅವ್ವಗ ಇನ್ನೂ ಹೇಳಿಲ್ಲ. ನಿಮಗ ಮೊದಲ ಹೇಳಬೇಕಂತ ತಡದೆ” ಎಂದಿದ್ದಳು. ಅವನು ಹಗ್ಗ ಹಿಡಿದುಕೊಂಡು ಹಾಗೇ ನಿಂತ. ಎತ್ತುಗಳು ನೀರು ಹೀರುವ ಸದ್ದು. ಆಮೇಲೆ ಅವಳು ಮುಂದಕ್ಕೆ ಸರಿದು ಅವನ ಹತ್ತಿರ ಕೂತು, ಬಹಳ ದಿನದಿಂದ ಕಟ್ಟಿಟ್ಟುಕೊಂಡಿದ್ದನ್ನೆಲ್ಲ ಒಮ್ಮೆಲೇ ಬಿಚ್ಚಿದಳು. ಗದಗಿನ ಮಗ್ಗುಲಿನ ಬೆಟಗೇರಿಯಲ್ಲಿ ಅವಳ ಗೆಳತಿಯ ಗಂಡ ಹತ್ತಿಯ ಗಿರಣಿಯಲ್ಲಿದ್ದ. ಹತ್ತಿ ಬಲ್ಲ, ಓದು ಬರಹ ಬಲ್ಲ ಒಬ್ಬ ಅಲ್ಲಿಗೆ ಬೇಕಾಗಿದ್ದ. ಅವರ ವಠಾರದಲ್ಲೇ ಒಂದು ಖೋಲಿ ಇತ್ತು. “ಒಂದ ಖೋಲಿ ಸಾಕು. ಅಲ್ಲೆ ನಾ ರೊಟ್ಟಿ ಬಡದ್ರ ನಿಮ್ಮ ಮನ್ಯಾಗ ಬಡದಂಗ ಆಗ್ತೈತಿ. ಕೂಸು ನಿಮ್ಮ ಮನ್ಯಾಗ ಹುಟ್ಲಿ. ಹೋಗೂಣು ನಡೀರಿ.” ಅವಳ ಕಣ್ಣು ಬಿಸಿಲಿಗೆ ಕಿರಿದಾಗಿದ್ದವು. ಹಣೆಯ ಮೇಲೆ ಧೂಳಿತ್ತು. ಅಷ್ಟು ಚೆಂದವಾಗಿ ಅವಳು ಹಿಂದೆಂದೂ ಕಂಡಿರಲಿಲ್ಲ. ಅವನಿಗೆ ಸಂತೋಷವಾಯಿತು, ಸಂತೋಷದ ಹಿಂದೆಯೇ ಭಯ ಬಂತು, ಮತ್ತು ಬಾಯಿ ತೆರೆದಾಗ ಭಯವೇ ಮೊದಲು ಹೊರಬಿತ್ತು: “ಮಾವಾರನ್ನ ಒಂದ ಮಾತು ಕೇಳಿ ಹೇಳ್ತೇನಿ.”

ನೀಲಗಂಗವ್ವ ಅವನ ಮುಖವನ್ನು ನೋಡಿದಳು. ನಕ್ಕಳು ಕೂಡ. “ಕೇಳ್ರಿ” ಎಂದು ಹಿಂದಕ್ಕೆ ಸರಿದು ಕೂತಳು. ಮುಂಡರಗಿ ಮುಟ್ಟುವವರೆಗೂ ಮಾತಾಡಲಿಲ್ಲ. ಮರುದಿನವೇ ತಾಯಿಗೆ ಹೇಳಿದಳು, ಸಂಜೆಯ ಹೊತ್ತಿಗೆ ಓಣಿಗೆಲ್ಲ ಸಕ್ಕರೆ ಹಂಚಿದರು. ಅವನು ಮಾವನನ್ನು ಕೇಳಲೇ ಇಲ್ಲ. ಅವಳೂ ಕೇಳಿದಿರಾ ಎಂದು ಕೇಳಲಿಲ್ಲ. ಅಂದಿನಿಂದ ಅವಳು ಅವನಿಗೆ ನೀರು ಕೊಟ್ಟಳು, ತಟ್ಟೆ ಇಟ್ಟಳು, ಅಂಗಿಯ ಗುಂಡಿ ಹಚ್ಚಿದಳು, ಒಂದು ಬಿರುಮಾತಿಲ್ಲ. ಆದರೆ ಬೆಳೆಯುತ್ತಿದ್ದ ಹೊಟ್ಟೆಯನ್ನು, ಅವನು ಎದುರು ಬಂದಾಗಲೆಲ್ಲ, ಸೆರಗಿನಿಂದ ಮುಚ್ಚಿಕೊಂಡು ಒಂದು ಮಗ್ಗುಲಿಗೆ ತಿರುಗಿ ದಾರಿ ಬಿಡುತ್ತಿದ್ದಳು, ಪರ ಗಂಡಸಿಗೆ ಬಿಟ್ಟಂತೆ.

ಮನೆ ಮುಟ್ಟಿದಾಗ ಪಡಸಾಲೆ ತುಂಬಿತ್ತು. ಅರಿವೆ ಅಂಗಡಿಯ ಹನಮಪ್ಪ, ಊರಿನ ಹಿರಿಯರಲ್ಲೆಲ್ಲ ದೊಡ್ಡ ಬಾಯಿಯವನು, ಏಕೀಕರಣದ ಮೆರವಣಿಗೆಗೆ ಎಷ್ಟು ಜೋಡಿ ಎತ್ತು, ಯಾವ ಓಣಿಯ ಭಜನೆ ಎಂದು ಹೇಳುತ್ತಿದ್ದವನು ಉಳವಪ್ಪನನ್ನು ಕಂಡು ತೊಡೆ ತಟ್ಟಿದ. “ನಿಮ್ಮ ಹೆಂಡ್ತಿ ಭಾರಿ ಶ್ಯಾಣ್ಯಾಕಿ ಬಿಡ್ರಿ! ಮುಂಬಯಿ ರಾಜ್ಯದಾಗ ಬಸರಾಗಿ ಮೈಸೂರು ರಾಜ್ಯದಾಗ ಹಡೀತಾಳ!” ಪಡಸಾಲೆಯೆಲ್ಲ ನಕ್ಕಿತು. ಅಂದಪ್ಪನವರೂ ಟೋಪಿ ಸರಿಪಡಿಸಿಕೊಂಡು ನಕ್ಕರು. “ಅಳಿಯಾರ, ಒಳಗ ಹೋಗಿ ಬೆಳ್ಳಿ ತಬಕ ಇಸಗೊಂಡು ಬರ್ರಿ” ಎಂದರು.

ತಬಕ ನೀಲಗಂಗವ್ವನ ಕೋಣೆಯಲ್ಲಿತ್ತು. ಹೆಂಗಸರೆಲ್ಲ ಸುಗ್ರಾಬಿಯ ಸುತ್ತ ಹಿತ್ತಲಕಟ್ಟೆಯಲ್ಲಿ ಸೇರಿದ್ದರಿಂದ ಕೋಣೆಯಲ್ಲಿ ಅವಳೊಬ್ಬಳೇ, ಹೊಸ ಹಸಿರು ಸೀರೆಯುಟ್ಟು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಪಾದಗಳು ಬಾತುಕೊಂಡಿದ್ದವು. ಅವನು ಬಂದದ್ದು ಕಂಡು ಕಾಲು ಮಡಚಿಕೊಳ್ಳಲು ಹೋದಳು, ಆಗಲಿಲ್ಲ. ಅವಳ ಪಾದ ಬಾತಿರುವುದು ತನಗೆ ಗೊತ್ತಿರಲಿಲ್ಲವೆಂದು ಅವನು ತಬಕ ಹುಡುಕುತ್ತ ಅಂದುಕೊಂಡ. ಕೈಗೆ ತಬಕ ಸಿಕ್ಕಿತು. ಹೊಸ್ತಿಲವರೆಗೂ ಹೋದ. ಅಲ್ಲಿ ನಿಂತು, ತಿರುಗದೆಯೇ ಕೇಳಿದ:

“ನೀ ಯಾಕ ಒಪ್ಪಿದಿ?”

“ಏನು?”

“ದತ್ತಕಕ್ಕ. ನೀ ಒಪ್ಪೀ ಅಂತ ಮಾವಾರು ಹೇಳಿದ್ರು.”

ಅವನು ತಿರುಗಿದ. ನೀಲಗಂಗವ್ವ ಅವನನ್ನೇ ನೋಡುತ್ತಿದ್ದಳು, ಚಕ್ಕಡಿಯಲ್ಲಿ ನೋಡಿದ ಮೇಲೆ ಇದೇ ಮೊದಲ ಸಲ ನೇರವಾಗಿ.

“ನಾ ಒಪ್ಪಿಲ್ಲ” ಎಂದಳು. “ನೀವು ಒಪ್ಪೀರಿ ಅಂತ ಅಪ್ಪ ಬಂದು ಹೇಳಿದ. ಅಳಿಯಾರು ಹೂಂ ಅಂದಾರ, ಇನ್ನ ನಿನ್ನದೇನು ಅಂದ. ನಾ ಸುಮ್ನಾದೆ. ಕೂಸಿನ ಅಪ್ಪನ ಕೊಟ್ಟ ಮ್ಯಾಲ ನಾ ಯಾರಂತ ಮಾತಾಡ್ಲಿ?”

“ನಾ ಹೂಂ ಅಂದಿಲ್ಲ. ನಾ ಏನೂ ಅಂದಿಲ್ಲ.”

“ಏನೂ ಅನ್ನಲಿಲ್ಲ” ಎಂದು ನೀಲಗಂಗವ್ವ ಅವನ ಮಾತನ್ನೇ ಹೇಳಿದಳು. ದನಿ ಏರಿರಲಿಲ್ಲ, ಈ ಮನೆಯಲ್ಲಿ ಯಾರ ದನಿಯೂ ಏರುವುದಿಲ್ಲ. “ನೀವೂ ಏನೂ ಅನ್ನಲಿಲ್ಲ. ನಾನೂ ಏನೂ ಅನ್ನಲಿಲ್ಲ. ಕೂಸಿಗಂತೂ ಬಾಯಿಲ್ಲ.” ಅಳು ತಡೆದುಕೊಂಡು ಅವಳು ಮುಖ ತಿರುಗಿಸಿದಾಗ ಹಿತ್ತಲಿನಿಂದ ಹೆಂಗಸರ ಹಿಂಡು ಕೋಣೆಗೆ ನುಗ್ಗಿತು, “ಗಂಡಂಗ ಇಲ್ಲೇನ ಕೆಲಸಾ” ಎಂದು ಯಾರೋ ಅವನನ್ನು ತಬಕದ ಸಮೇತ ಹೊರಗೆ ನೂಕಿದರು, ಬಾಗಿಲ ಬಳಿ ನಗೆ ಎದ್ದಿತು.

ಗಂಡಸರ ಪಂಕ್ತಿ ಕೂತಿತು. ಅವನ ಎಲೆ ಅಂದಪ್ಪನವರ ಎಲೆಯ ಮಗ್ಗುಲಿಗೆ, ಎದುರು ಸಾಲಿನಲ್ಲಿ ಹನಮಪ್ಪ. ಬಡಿಸುವವರ ಕಾಲುಗಳು ಹಾದುಹೋಗುತ್ತಿದ್ದವು. ಅವನು ಹೇಳಬೇಕಾದ ವಾಕ್ಯವನ್ನು ಬಾಯೊಳಗೆ ಜೋಡಿಸುತ್ತಿದ್ದ. ಮಾವಾರ, ಒಂದು ಮಾತೈತಿ. ಅಲ್ಲ, ಹಾಗೆಂದರೆ ಆಮೇಲೆ ಹೇಳ್ರಿ ಎನ್ನುತ್ತಾರೆ. ಮಾವಾರ, ನೀವು ದೊಡ್ಡವರು. ಹಾಗೆ ಶುರುಮಾಡಿದರೆ ಕೊನೆ ಮುಟ್ಟುವುದಿಲ್ಲ, ದೊಡ್ಡವರು ಎಂಬಲ್ಲೇ ಮುರುಟಿಬಿಡುತ್ತದೆ. ತುಪ್ಪ ಬಂತು, ಅವನ ಅನ್ನದ ಮೇಲೆ ಬಿತ್ತು, ಹಳದಿಯಾಗಿ ಹರಡಿತು. ಎಲ್ಲವೂ ಎಂದಿನ ಹಾಗೆ ಇತ್ತು. ಅದೇ ಭಯಂಕರವಾಗಿ ಕಂಡಿತು ಅವನಿಗೆ. ಒಂದು ಕೂಸು ಕೈಬಿಟ್ಟು ಹೋಗುತ್ತಿರುವಾಗ ಸಾರು ಇಷ್ಟು ರುಚಿಯಾಗಿರುವುದು. ಅಷ್ಟರಲ್ಲಿ ಅಂದಪ್ಪನವರು ತುತ್ತು ಕಲೆಸುತ್ತಲೇ, ಹವಾಮಾನದ ಮಾತು ಆಡುವಂತೆ, ಹಿರಿಯರ ಸಾಲಿನ ಕಡೆಗೆ ಹೇಳಿಬಿಟ್ಟಿದ್ದರು.

“ನಮ್ಮ ಮನ್ಯಾಗ ಒಂದು ವಿಚಾರ ಆಗೇತ್ರಿ. ನೀವೆಲ್ಲಾ ಕೂಡೀರಿ, ನಿಮ್ಮ ಕಿವಿ ಮ್ಯಾಲ ಇರ್ಲಿ. ಗಂಡು ಹುಟ್ಟಿದ್ರ ದತ್ತಕ ತಗೊಳ್ಳಾಕ ನಿರ್ಣಯ ಮಾಡೇನಿ. ಮಗಳು, ಅಳಿಯಾರು ಇಬ್ಬರೂ ಖುಷೀಲೆ ಒಪ್ಪ್ಯಾರ.”

“ಭೇಷಾತು!” ಎಂದ ಹನಮಪ್ಪ. “ಮನಿತನಾ ಉಳೀತು. ಏನ್ರಿ ಉಳವಪ್ಪ, ಖುಷೀನ ಹೌದಲ್ಲೋ?”

ಅದೇ ಹೊತ್ತಿಗೆ ಗದಿಗೆವ್ವ ಬುಟ್ಟಿ ಹಿಡಿದುಕೊಂಡು ಅವನ ಎಲೆಯ ಮುಂದೆ ಬಗ್ಗಿದ್ದಳು. ಉಳವಪ್ಪ ಬಾಯಿ ತೆರೆದ.

“ಬ್ಯಾಡ್ರಿ” ಎಂದ.

“ಒಂದ ಹೋಳಗಿಗೆ ಬ್ಯಾಡಂದ್ರ ಹ್ಯಾಂಗ?” ಎಂದಳು ಅತ್ತೆ. “ಇವತ್ತ ನೀವು ಬ್ಯಾಡ ಅನ್ನಂಗಿಲ್ಲ.” ಎರಡು ಹೋಳಿಗೆ ಎಲೆಗೆ ಬಿದ್ದವು. ಸಾಲಿನಲ್ಲಿ ನಗೆ ಹರಿಯಿತು. “ಹಾಕ್ರಿ ಹಾಕ್ರಿ, ಅಪ್ಪ ಆಗೋರಿಗೆ ತಾಕತ್ತು ಬೇಕು” ಎಂದ ಹನಮಪ್ಪ, ಮತ್ತು ಅಲ್ಲಿಗೆ ಮಾತು ಮುಗಿದೇಹೋಗಿತ್ತು. ಅಂದಪ್ಪನವರು ಆಗಲೇ ಇನ್ನೊಬ್ಬರ ಕಡೆಗೆ ತಿರುಗಿದ್ದರು. ಉಳವಪ್ಪನಿಗೆ ಅಡುಗೆಮನೆಯ ಬಾಗಿಲಲ್ಲಿ ಹಸಿರು ಸೀರೆಯ ಅಂಚು ಕಂಡಿತು. ಅವಳು ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಅವನನ್ನು ನೋಡುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಹಣೆ ಆನಿಸಿ, ಕಣ್ಣು ಮುಚ್ಚಿ, ಕೇಳುತ್ತಿದ್ದಳು.

“ಹೋಳಗಿ ಅಲ್ರಿ” ಎಂದ ಅವನು. ಯಾರೂ ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಹೇಳಿದ. ದನಿ ಎಲ್ಲೋ ಒಡೆದು, ಬೇಕಾದದ್ದಕ್ಕಿಂತ ಬಹಳ ದೊಡ್ಡದಾಗಿ, ಅಸಹ್ಯವೆನಿಸುವಷ್ಟು ದೊಡ್ಡದಾಗಿ ಬಂತು. “ಹೋಳಗಿ ಅಲ್ರಿ ಮಾವಾರ! ಕೂಸು. ಕೂಸು ಕೊಡೂದಿಲ್ಲ ನಾ. ಗಂಡಾಗ್ಲಿ ಹೆಣ್ಣಾಗ್ಲಿ. ಕೊಡೂದಿಲ್ಲ.”

ಯಾರದೋ ಕೈಯ ತುತ್ತು ಬಾಯಿಯ ಹತ್ತಿರ ನಿಂತಿತು. ಹನಮಪ್ಪ ಎಲೆ ನೋಡತೊಡಗಿದ. ಅಂದಪ್ಪನವರು ಮಾತ್ರ ಬಾಯಲ್ಲಿದ್ದದ್ದನ್ನು ಅಗಿದು ನುಂಗಿ, ನೀರು ಕುಡಿದು, ತಂಬಿಗೆಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟರು. ಆಮೇಲೆ ಬಹಳ ಮೆತ್ತಗೆ, ನಿಜಕ್ಕೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು:

“ಆತು, ಕೊಡಬ್ಯಾಡ್ರಿ. ಎಲ್ಲಿಟ್ಟು ಬೆಳಸ್ತೀರಿ?”

ಉಳವಪ್ಪ ಕೂತ ಮಣೆ ಅವರದು, ಎಲೆಯ ಕೆಳಗಿನ ನೆಲ ಅವರದು, ಮೈಮೇಲಿನ ಅಂಗಿ ಅವರು ಯುಗಾದಿಗೆ ಹೊಲಿಸಿದ್ದು. ಕೊರ್ಲಹಳ್ಳಿಯಲ್ಲಿ ಇಬ್ಬರು ಅಣ್ಣಂದಿರ ಸಂಸಾರಗಳ ನಡುವೆ ತಾಯಿ ಮಲಗುವ ಮೂಲೆ ಕಣ್ಣ ಮುಂದೆ ಬಂದು ಹೋಯಿತು. ಎಲ್ಲರೂ ಅವನ ಉತ್ತರಕ್ಕೆ ಕಾಯುತ್ತಿದ್ದರು. ಎದ್ದು ಹೋಗಬೇಕಾಗಿತ್ತು, ಎದ್ದು ಹೋಗುವವರನ್ನು ಅವನು ನೋಡಿದ್ದ, ಪಂಚೆ ಝಾಡಿಸಿ ಎಂಜಲುಗೈಯಲ್ಲೇ ಹೊರಟುಬಿಡುತ್ತಾರೆ. ಅವನು ಏಳಲಿಲ್ಲ. ಅವನ ಕೈ ತಾನಾಗಿಯೇ ಹೋಳಿಗೆಯನ್ನು ಮುರಿಯಿತು, ತುಪ್ಪಕ್ಕೆ ಒತ್ತಿತು, ಬಾಯಿಗೆ ಇಟ್ಟಿತು. ಅವನು ಎರಡೂ ಹೋಳಿಗೆಗಳನ್ನು ತಿಂದು ಮುಗಿಸಿದ. ಸಾಲಿನಲ್ಲಿ ಮತ್ತೆ ಸಣ್ಣಗೆ ಮಾತು ಶುರುವಾಯಿತು, ಮಳೆಯದು, ಮೆರವಣಿಗೆಯದು. ಕಣ್ಣೆತ್ತಿ ನೋಡಿದಾಗ ಅಡುಗೆಮನೆಯ ಬಾಗಿಲಲ್ಲಿ ಯಾರೂ ಇರಲಿಲ್ಲ.

ಮಂದಿಯೆಲ್ಲ ಹೋದಾಗ ಹೊತ್ತು ಇಳಿದಿತ್ತು. ಯಾರೂ ಅವನಿಗೆ ಕೆಲಸ ಹೇಳಲಿಲ್ಲ. ಉಂಡೆಲೆ ಎತ್ತುವವರು ಅವನನ್ನು ಸುತ್ತುಹಾಕಿಕೊಂಡು ಹೋಗುತ್ತಿದ್ದರು. ಎಲ್ಲಿ ನಿಂತರೂ ದಾರಿಗಡ್ಡವಾದಂತಾಗಿ ಅವನು ಕೊನೆಗೆ ಅವಳ ಕೋಣೆಗೆ ಹೋದ. ನೀಲಗಂಗವ್ವ ಮಗ್ಗುಲಾಗಿ ಮಲಗಿದ್ದಳು, ಮುಂಗೈತುಂಬ ಹಸಿರು ಬಳೆ. ಅವನು ಬಾಗಿಲ ಬಳಿಯ ನೆಲದ ಮೇಲೆ ಕೂತ. ಬೈಯುತ್ತಾಳೆಂದುಕೊಂಡ. ಹೊಗಳುತ್ತಾಳೆಂದೂ ಎಲ್ಲೋ ಒಂದು ಮೂಲೆಯಲ್ಲಿ ಕಾದಿದ್ದ. ಹೋಳಿಗೆ ತಿಂದದ್ದು ನೆನಪಾಗಿ ಆ ಆಸೆ ಬಾಡಿತು.

“ಅಪ್ಪ ನಾಳೆ ಮತ್ತ ಕೇಳ್ತಾನ” ಎಂದಳು ಅವಳು. “ನಾಡದ ಕೇಳ್ತಾನ. ಹಡದ ದಿನಾ ಕೇಳ್ತಾನ. ಬೈಯೂದಿಲ್ಲ, ಹೊಡಿಯೂದಿಲ್ಲ, ಕೇಳಕೋತ ಇರ್ತಾನ. ದಿನಾ ಇವತ್ತಿನಂಗ ಹೇಳಾಕ ಆಗ್ತೈತೇನು ನಿಮ್ಮ ಕಡಿಂದ?”

ಅವನು ಯೋಚಿಸಿದ. “ಗೊತ್ತಿಲ್ಲ” ಎಂದ.

ಅವಳು ಅವನ ಕಡೆಗೆ ತಿರುಗಿದಳು. ಆ ಉತ್ತರ ಅವಳಿಗೆ ಸಿಟ್ಟು ತಂದಂತೆ ಕಾಣಲಿಲ್ಲ. ಬಳೆಗಳನ್ನು ಮೊಣಕೈಯತ್ತ ಸರಿಸಿ, “ಬೆಟಗೇರ್ಯಾಗ ಆ ಖೋಲಿ ಇನ್ನೂ ಐತೋ ಇಲ್ಲೋ” ಎಂದಳು.

“ಕೇಳಿ ನೋಡ್ತೇನಿ.”

“ಯಾರನ್ನ?” ಅವಳು ತಟ್ಟನೆ ಕೇಳಿದಳು. ಮಾತು ಚುಚ್ಚಿತು. ಅವಳಿಗೂ ಚುಚ್ಚಿತೇನೋ, ತುಟಿ ಕಚ್ಚಿಕೊಂಡಳು.

“ಖೋಲಿ ಇದ್ದವರನ್ನ” ಎಂದ ಉಳವಪ್ಪ. “ನಾಳೆ ಮುಂಜಾನೆ ಮೊದಲನೇ ಮೋಟಾರಕ್ಕ ಗದಗಿಗೆ ಹೋಗ್ತೇನಿ.”

ಆಗ ಹೊಸ್ತಿಲ ಮೇಲೆ ನೆರಳು ಬಿತ್ತು. ಅಂದಪ್ಪನವರು ಮಗಳ ಮದುವೆಯಾದ ಮೇಲೆ ಈ ಕೋಣೆಗೆ ಕಾಲಿಟ್ಟವರಲ್ಲ. ಟೋಪಿ ತೆಗೆದಿದ್ದರು. ಟೋಪಿಯಿಲ್ಲದ ತಲೆ ಇಷ್ಟು ಚಿಕ್ಕದೆಂದು ಉಳವಪ್ಪನಿಗೆ ತಿಳಿದಿರಲಿಲ್ಲ. ಅವರು ಗೋಡೆ ಹಿಡಿದುಕೊಂಡು ಬಂದು ಅವನ ಎದುರಿಗೆ, ಬರಿನೆಲದ ಮೇಲೆ ಕೂತರು. ಎಷ್ಟೋ ಹೊತ್ತು ತಮ್ಮ ಅಂಗೈ ನೋಡಿಕೊಂಡರು.

“ಎರಡನೇದು ಹನ್ನೊಂದು ದಿನಾ ಇತ್ತು” ಎಂದರು. ಯಾರ ಬಗ್ಗೆ ಎಂದು ಹೇಳಲಿಲ್ಲ. “ತೊಟ್ಲಾಗ ಹಾಕೂದು ನಾಳೆ ಅನ್ನೂದ್ರಾಗ ಹೋತು. ಹೆಸರಿಟ್ಟಿರಲಿಲ್ಲ. ನಾ ಮನಸಿನ್ಯಾಗ ಒಂದ ಹೆಸರು ಇಟಗೊಂಡಿದ್ದೆ. ಯಾರಿಗೂ ಹೇಳಿಲ್ಲ, ಗದಿಗೆವ್ವಗೂ ಹೇಳಿಲ್ಲ.” “ನಾ ಕಸಗೋಬೇಕಂತ ಮಾಡಿದ್ದಲ್ಲೋ ಉಳವಪ್ಪ. ಆ ಹೆಸರಿಗೆ ಒಬ್ಬ ಬೇಕಾಗಿತ್ತು.”

ಉಳವಪ್ಪನ ಎದೆ ಕರಗಿತು. ಈ ಮನುಷ್ಯ ಬೈದಿದ್ದರೆ, ಹೊರಗೆ ಹೋಗೆಂದಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಒಂದು ಮಾತು, ‘ಆತ್ರಿ’ ಎಂಬ ಒಂದೇ ಮಾತು ಅವನ ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ಆಡಿದರೆ ಈ ಮುದುಕನ ಮುಖ ಬೆಳಗುತ್ತದೆ, ಸಂಜೆಯ ಚಹಾ ಬರುತ್ತದೆ, ತನಗೆ ಮಲಗಲು ಪಡಸಾಲೆಯಿರುತ್ತದೆ. ನೀಲಗಂಗವ್ವನೂ ತಂದೆಯನ್ನು ನೋಡಿ ಅಳುತ್ತಿದ್ದಳು. ಅವಳು ಅವನಿಗೆ ಸನ್ನೆ ಮಾಡಲಿಲ್ಲ. ಬೇಡವೆಂದೂ ಅನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ, ಅವನೊಬ್ಬನಿಗೇ ಬಿಟ್ಟಿದ್ದಳು. ಅವನು ಹಲ್ಲು ಕಚ್ಚಿ ಹಿಡಿದ. ದವಡೆ ನೋಯುವಷ್ಟು ಕಚ್ಚಿ, ಮಾವನ ಪಾದಗಳನ್ನು ನೋಡುತ್ತ ಕೂತ. ಹೊರಗೆ ತೋರಣದ ಆಳುಗಳು ಒಬ್ಬರನ್ನೊಬ್ಬರು ಕೂಗುತ್ತಿದ್ದರು. ಅಂದಪ್ಪನವರು ಕಾದರು. ಬಹಳ ಹೊತ್ತು ಕಾದರು.

“ಆ ಹೆಸರು ಹೇಳ್ರಿ ಮಾವಾರ” ಎಂದ ಉಳವಪ್ಪ ಕೊನೆಗೆ. “ಗಂಡು ಹುಟ್ಟಿದ್ರ ಅದನ್ನ ಇಡ್ತೀವಿ. ಹೆಸರು ನಿಮ್ದ ಇರ್ಲಿ. ಕೂಸು ಮಾತ್ರ ಕೊಡೂದಿಲ್ಲ.”

ಮುದುಕರ ಮುಖದಲ್ಲಿ ಏನೋ ಆಡಿತು; ಅದು ಸಿಟ್ಟೋ, ಸೋಲೋ, ಮುಂದಿನ ದಿನಗಳಲ್ಲಿ ಅವನು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಅವರು ಹೆಸರು ಹೇಳಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಎದ್ದರು. ಅವನು ಹಿಡಿಯಲು ಚಾಚಿದ ಕೈಯನ್ನು ಬೇಡವೆಂಬಂತೆ ಸರಿಸಿ, ಹೊಸ್ತಿಲು ದಾಟಿ, ಹೋಗುವಾಗ ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡು ಹೋದರು.

ಕೋಣೆ ಮಬ್ಬಾಯಿತು. ಹಗಲಲ್ಲಿ ಆ ಬಾಗಿಲು ಮುಚ್ಚಿದ್ದನ್ನು ಅವನು ನೋಡಿರಲೇ ಇಲ್ಲ. ಈ ಮಬ್ಬಿನಲ್ಲಿ ಏನು ಮಾಡಬೇಕು, ಎದ್ದು ಬಾಗಿಲು ತೆಗೆಯಬೇಕೋ ಹಾಗೇ ಇರಬೇಕೋ ಎಂದು ತಿಳಿಯದೆ ಅವನು ಕೂತಲ್ಲೇ ಕೂತಿದ್ದ. ನಾಳೆಯ ಮೋಟಾರು, ಸಿಗದೆ ಹೋಗಬಹುದಾದ ಖೋಲಿ, ಗಿರಣಿಯವರು ಇಲ್ಲವೆಂದರೆ, ಇಲ್ಲವೆಂದು ಸಂಜೆ ಈ ಮನೆಗೇ ತಿರುಗಿ ಬಂದು ಕೈಕಾಲು ತೊಳೆದು ಉಣ್ಣಲು ಕೂರಬೇಕಾದರೆ... ಅವನ ಯೋಚನೆ ಅಲ್ಲಿಯವರೆಗೆ ಮುಟ್ಟಿತ್ತು.

“ಎದ್ದೈತಿ” ಎಂದಳು ನೀಲಗಂಗವ್ವ. “ಮುಂಜಾನಿಂದ ಮಕ್ಕೊಂಡಿತ್ತು. ಈಗ ಎದ್ದು ಹೊಟ್ಟ್ಯಾಗ ಹೊಳ್ಳಾಡಾಕ ಹತ್ತೈತಿ.”

ಯಾರಿಗೆ ಹೇಳುತ್ತಿದ್ದಾಳೆಂದು ಅವನಿಗೆ ಒಂದು ಕ್ಷಣ ತಿಳಿಯಲಿಲ್ಲ. ಕೋಣೆಯಲ್ಲಿ ಇನ್ನು ಯಾರೂ ಇರಲಿಲ್ಲ.